ಅಭಿಧಮನಿ ಕಿರಿದಾಗಿದ್ದರಷ್ಟೇ ಸಾಲದು

ತಲೆಬುರುಡೆಯೊಳಗೆ ಗೆಡ್ಡೆಯಾಗಲಿ ಸೋಂಕಾಗಲಿ ಇಲ್ಲದೆಯೂ ಒತ್ತಡ ಏರುವ ಕಾಯಿಲೆಯೊಂದಿದ್ದು, ಅದು ಹೆಚ್ಚಾಗಿ ಹೆರಿಗೆಯ ವಯಸ್ಸಿನ, ಮೈತೂಕ ಏರಿದ ಹೆಂಗಸರನ್ನು ಕಾಡುತ್ತದೆ. ಬಿಡದ ತಲೆನೋವು, ನಾಡಿಮಿಡಿತಕ್ಕೆ ಸರಿಯಾಗಿ ಕಿವಿಯಲ್ಲಿ ಕೇಳುವ ಮೊರೆತ, ಬಗ್ಗಿ ಎದ್ದಾಗ ಕ್ಷಣಕಾಲ ಕವಿಯುವ ಕತ್ತಲೆ ಅದರ ಲಕ್ಷಣಗಳಾದ್ದರಿಂದ, ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರದ ಕಡೆಯವರು ಮೊದಲು ಕಾರ್ಡ್ ರೋಡಿನ ನಾರಾಯಣ ನೇತ್ರಾಲಯದಂಥ ಕಣ್ಣಾಸ್ಪತ್ರೆಗೆ ಹೋಗಿ, ಕಣ್ಣಿನ ನರದ ಬುಡ ಊದಿರುವುದು ಕಂಡ ಮೇಲೆ ನಿಮ್ಹಾನ್ಸ್‌ನಂಥ ನರರೋಗ ಸಂಸ್ಥೆಯ ಬಾಗಿಲಿಗೆ ಬರುವುದು ಸಹಜ. ಬೆನ್ನಿನಿಂದ ನೀರು ತೆಗೆಯುವಾಗ ಒತ್ತಡ 25 ಸೆಂಟಿಮೀಟರ್ ನೀರಿನ ಮಟ್ಟವನ್ನು ದಾಟಿದ್ದರೆ ಸಂದೇಹ ಬಲವಾಗುತ್ತದೆ.

ಇಂಥವರ ಸ್ಕ್ಯಾನಿನಲ್ಲಿ ಮಿದುಳಿನ ರಕ್ತವನ್ನು ಹೊರಗೊಯ್ಯುವ ದೊಡ್ಡ ಅಭಿಧಮನಿ ಕಿವಿಯ ಹಿಂದೆ ಕಿರಿದಾಗಿರುವುದು ಅನೇಕ ವೇಳೆ ಕಾಣುತ್ತದೆ. ಅಲ್ಲಿ ಸ್ಟೆಂಟ್, ಅಂದರೆ ಲೋಹದ ಜಾಲರಿಯ ಕೊಳವೆ, ಇಟ್ಟು ಹಿಗ್ಗಿಸಿದರೆ ಒತ್ತಡ ಇಳಿಯಬಹುದೆಂದು ಕೇಂಬ್ರಿಜ್‌ನ ವೈದ್ಯರು 2002ರಲ್ಲಿ ವರದಿ ಮಾಡಿದರು. ಆದರೆ ಬೆನ್ನಿನ ನೀರು ತೆಗೆದು ಒತ್ತಡ ಇಳಿಸಿದಾಗ ಅದೇ ನಾಳ ತಾನಾಗಿ ಅಗಲವಾಗುವುದೂ ಉಂಟು, ಹೀಗಾಗಿ ಕಿರಿದಾಗಿರುವುದು ಕಾಯಿಲೆಯ ಮೂಲವೋ ಫಲವೋ ಎಂಬ ಪ್ರಶ್ನೆಯನ್ನು ಚಿತ್ರವೊಂದೇ ಬಗೆಹರಿಸಲಾರದು. ಆದ್ದರಿಂದಲೇ ನಾಳದೊಳಗೆ ತೂರಿಸಿದ ಸಣ್ಣ ಕ್ಯಾತಿಟರ್‌ನಿಂದ ಅಡ್ಡಿಯ ಎರಡೂ ಬದಿಯ ಒತ್ತಡವನ್ನು ಅಳೆದು, ಸಾಮಾನ್ಯವಾಗಿ 8 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡರಷ್ಟೇ ಸ್ಟೆಂಟಿನ ಮಾತು ಎತ್ತುತ್ತಾರೆ.

ಕರ್ನಾಟಕದಲ್ಲಿ ಇದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಅಡ್ಡಿಗೆ ಕಾರಣ ಹೆಪ್ಪುಗಟ್ಟಿದ ರಕ್ತವೇ? ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿ, ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಸಹಜ ಒಲವಿನ ಜೊತೆ ಸೇರಿದಾಗ, ಮಿದುಳಿನ ಅಭಿಧಮನಿಯಲ್ಲೇ ಹೆಪ್ಪು ಕೂರುವ ಅಪಾಯ ಹೆಚ್ಚುತ್ತದೆ. ನಿಮ್ಹಾನ್ಸ್‌ನ ವೈದ್ಯರು ಬಾಣಂತಿಯರ ಈ ರೋಗವನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅಂಥ ಹೆಪ್ಪಿಗೆ ಬೇಕಾದುದು ಮೊದಲು ಹೆಪ್ಪು ತಡೆಯುವ ಔಷಧಿ, ಜಾಲರಿಯಲ್ಲ.

ಸ್ಟೆಂಟನ್ನು ಅನಗತ್ಯವೆನ್ನಲು ಬರುವುದಿಲ್ಲ: ತೂಕ ಇಳಿಸಿ, ಡಯಾಮಾಕ್ಸ್ ಎಂದು ಪರಿಚಿತವಾದ ಅಸೆಟಜೋಲಮೈಡ್ ಮಾತ್ರೆ ನುಂಗಿದರೂ ದೃಷ್ಟಿ ಕುಗ್ಗುತ್ತಲೇ ಇದ್ದರೆ, ಹೆಚ್ಚಿನ ನೀರನ್ನು ಹರಿಸಲು ಇಡುವ, ಆದರೆ ಪದೇ ಪದೇ ಕಟ್ಟಿಕೊಳ್ಳುವ ಷಂಟ್ ಕೊಳವೆಗಿಂತ ಅದು ಮೇಲಾಗಲೂಬಹುದು. ಆದರೆ ಸ್ಟೆಂಟ್ ಇಡುವ ವೇಳೆ ನಾಳ ಹರಿದು ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೋರುವುದು ಅಪರೂಪವಾದರೂ ಮಾರಕವಾಗಬಹುದು. ನಂತರದ ದಿನಗಳಲ್ಲಿ ಜಾಲರಿಯೊಳಗೆ ಹೆಪ್ಪುಗಟ್ಟಬಹುದು, ಅದರ ತುದಿಯ ಪಕ್ಕದಲ್ಲೇ ನಾಳ ಮತ್ತೆ ಕಿರಿದಾಗಿ ಇನ್ನೊಂದು ಸ್ಟೆಂಟ್ ಬೇಕಾಗಬಹುದು. ಈ ಅಪಾಯಗಳಿಗಿಂತ ಕಡಿಮೆ ಗಮನ ಸಿಗುವುದು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳಿಗೆ. ಅವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಮುಟ್ಟಿನ ಸ್ರಾವ ಹೆಚ್ಚಬಹುದು, ಹಲ್ಲು ಕೀಳಿಸುವ ಮುನ್ನವೂ ವೈದ್ಯರನ್ನು ಕೇಳಬೇಕು, ಮಗು ಬೇಕೆನ್ನುವವರು ಆ ಅವಧಿಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ತಲೆನೋವು ಇಳಿಯಿತೆಂದ ಮಾತ್ರಕ್ಕೆ ಕಣ್ಣಿನ ನರ ಸುರಕ್ಷಿತವೆಂದಾಗುವುದಿಲ್ಲವಾದ್ದರಿಂದ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ದೃಷ್ಟಿಕ್ಷೇತ್ರದ ಪರೀಕ್ಷೆಗೆ ಕಣ್ಣಾಸ್ಪತ್ರೆಗೆ ಮತ್ತೆ ಮತ್ತೆ ಬರಲೇಬೇಕು.