ಜಲವಿಜ್ಞಾನದ ಉನ್ನತ ವ್ಯಾಸಂಗ: ನಾಡಿಗೆ ಬೇಕಾದ ವಿದ್ಯೆ

ಪದವಿ ಮುಗಿಸಿದ ಮಕ್ಕಳು ಮುಂದೇನು ಓದಬೇಕೆಂಬ ವಿಚಾರ ಪ್ರತಿವರ್ಷವೂ ಮನೆಮನೆಯಲ್ಲಿ ನಡೆಯುತ್ತದೆ. ಆಗ ಕೇಳಿಬರುವ ಹೆಸರುಗಳಲ್ಲಿ ಜಲವಿಜ್ಞಾನ ಇರುವುದು ಅಪರೂಪ. ನೀರಿಗಾಗಿ ದಶಕಗಳ ಕಾಲ ವ್ಯಾಜ್ಯ ನಡೆಸಿದ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಕಾವೇರಿ ವಿವಾದದಲ್ಲಿ 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಿದ 14.75 ಟಿಎಂಸಿಯಲ್ಲಿ 10 ಟಿಎಂಸಿ ನಮಗೆ ದೊರೆತದ್ದು ತಮಿಳುನಾಡಿನ ಕೊಳ್ಳದಲ್ಲಿರುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ. ವಾದಿಸಿದವರು ನ್ಯಾಯವಾದಿಗಳು; ವಾದಕ್ಕೆ ಬಲ ಬಂದುದು ನೆಲದೊಳಗಿನ ನೀರನ್ನು ಅಳೆಯಬಲ್ಲ ವಿದ್ಯೆಯಿಂದ.

ಕೋಲಾರದ ಪ್ರಶ್ನೆ ಇನ್ನೂ ಜಟಿಲವಾದುದು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೊಳವೆಬಾವಿಗಳಿಗೆ ಇದರಿಂದ ಜೀವ ಬರುತ್ತದೆಂದು ಕೆಲವರೂ, ಮೂರನೇ ಹಂತದ ಶುದ್ಧೀಕರಣವಿಲ್ಲದಿದ್ದರೆ ಅಂತರ್ಜಲವೇ ಕೆಡುತ್ತದೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ಬಂಡೆಯ ಬಿರುಕುಗಳಲ್ಲಿ ನೀರು ಇಳಿಯುವ ಬಗೆಯನ್ನು ಭೂವಿಜ್ಞಾನಿ ಬಲ್ಲ. ನೀರಿನಲ್ಲಿ ಬೆರೆತ ರಂಜಕ, ಲೋಹಗಳನ್ನು ರಸಾಯನವಿಜ್ಞಾನಿ ಬಲ್ಲ. ಪಾಚಿ, ಮೀನುಗಳ ಬದುಕನ್ನು ಜೀವವಿಜ್ಞಾನಿ ಬಲ್ಲ. ರೈತನಿಗೆ ಬೇಕಾದುದು ಈ ಮೂರನ್ನೂ ಕೂಡಿಸಿ ಹೇಳಬಲ್ಲ ಒಂದು ಉತ್ತರ. ಆ ಉತ್ತರ ಸಿಗದೆಡೆಯಲ್ಲಿ ಊಹೆ ಮತ್ತು ರಾಜಕೀಯ ಆ ಜಾಗವನ್ನು ತುಂಬುತ್ತವೆ.

ಜಲವಿಜ್ಞಾನದ ಸ್ನಾತಕೋತ್ತರ ವ್ಯಾಸಂಗ ಕಲಿಸುವುದು ಈ ಕೂಡಿಸುವ ಕೆಲಸವನ್ನೇ. ರೂರ್ಕಿಯಲ್ಲಿ ಇಂತಹ ಶಿಕ್ಷಣ 1972ರಲ್ಲಿಯೇ ಆರಂಭವಾಯಿತು. ನಮ್ಮಲ್ಲಿಯೂ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಜಲಸಂಪನ್ಮೂಲ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತರಶಾಸ್ತ್ರೀಯ ಜಲಸಂಶೋಧನಾ ಕೇಂದ್ರವಿದೆ. ಓದಲು ಮಾರ್ಗವಿಲ್ಲವೆಂದು ಹೇಳುವಂತಿಲ್ಲ. ಓದಿದವರಿಗೆ ಸ್ಥಾನವೆಲ್ಲಿ ಎಂಬುದೇ ಪ್ರಶ್ನೆ.

ನೀರಿಗೆ ಸಂಬಂಧಿಸಿದ ಇಲಾಖೆಗಳ ತಾಂತ್ರಿಕ ಹುದ್ದೆಗಳು ಬಹುಪಾಲು ಸಿವಿಲ್ ಎಂಜಿನಿಯರುಗಳಿಗೆ ಸಲ್ಲುತ್ತವೆ. ಅಣೆಕಟ್ಟು, ಕಾಲುವೆ ಕಟ್ಟಲು ಅವರು ಬೇಕೇ ಬೇಕು. ಆದರೆ ಕೆರೆಯೆಂದರೆ ಏರಿ ಮತ್ತು ತೂಬು ಮಾತ್ರವಲ್ಲ. ಹೂಳು ಎಷ್ಟು ಆಳದವರೆಗೆ ತೆಗೆಯಬೇಕು, ಆ ಹೂಳು ಹೊಲಕ್ಕೆ ಹಾಕಲು ಯೋಗ್ಯವೇ, ಜಲಾನಯನದ ಮಣ್ಣು ಮತ್ತೆ ಕೊಚ್ಚಿ ಬರದಂತೆ ಏನು ಮಾಡಬೇಕು ಎಂಬುದನ್ನು ನಿರ್ಧರಿಸದೆ ಯಂತ್ರ ಇಳಿಸಿದರೆ ಹಣವೂ ಹೋಗುತ್ತದೆ, ಕೆರೆಯೂ ಉಳಿಯುವುದಿಲ್ಲ. ಕೊಳವೆಬಾವಿ ಆಳಕ್ಕಿಳಿದಂತೆ ಕಲ್ಲಿನಿಂದ ಕರಗಿ ಬರುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲು, ಹಿರಿಯರ ಮೂಳೆ ಅದರ ಫಲವನ್ನು ಉಣ್ಣುತ್ತಿವೆ.

ಆದುದರಿಂದ ಸರ್ಕಾರವು ಜಿಲ್ಲೆಗೊಬ್ಬರಂತೆಯಾದರೂ ಜಲವಿಜ್ಞಾನಿಯ ಹುದ್ದೆಯನ್ನು ಸೃಷ್ಟಿಸಬೇಕೆಂಬುದು ನಮ್ಮ ಆಗ್ರಹ. ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಗೂ ಒಂದು ಕೆರೆಯನ್ನು ಒಪ್ಪಿಸಿ, ಮಳೆಗಾಲದಿಂದ ಬೇಸಿಗೆಯವರೆಗೆ ಒಂದು ವರ್ಷ ಅಭ್ಯಾಸ ಮಾಡಿಸಲಿ. ಅದರ ವರದಿ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ತಲುಪಲಿ.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟುವುದನ್ನು ಕಾಯಕವಾಗಿ ಸ್ವೀಕರಿಸಿದರು. ಕಟ್ಟಿದ ಕೆರೆಯನ್ನು ಅರಿತು ಕಾಯುವುದೂ ಅಷ್ಟೇ ಹಿರಿದಾದ ಕಾಯಕ. ಬಯಲುಸೀಮೆಯ ತಂದೆತಾಯಂದಿರು ಈ ವರ್ಷ ಮಕ್ಕಳೊಡನೆ ಮುಂದಿನ ಓದಿನ ಮಾತಾಡುವಾಗ ಈ ವಿದ್ಯೆಯನ್ನೂ ಪರಿಗಣಿಸಬೇಕೆಂದು ಆಶಿಸುತ್ತೇವೆ.