ಖರೇ ಚಿರತಿ ಫೋಟೋ ಇಷ್ಟ ಚಂದ ಇರೂದಿಲ್ರಿ

ಕಬ್ಬಿನ ಕಟಾವು ಚಾಲೂ ಆತಂದ್ರ ನಮ್ಮ ಬೋರಗಾಂವ ಕಡೆ ಮೊಬೈಲಿಗೂ ಚಿರತಿ ಬರಾಕ ಸುರು ಆಗ್ತಾವ. ಒಂದಿನ ಕಬ್ಬಿನ ಪಡದಾಗ ಕುಂತಿರ್ತೈತಿ, ಮತ್ತೊಂದಿನ ಇಟ್ಟಂಗಿ ಭಟ್ಟಿ ಹತ್ರ, ಇನ್ನೊಂದಿನ ಯಾರದೋ ಕಟ್ಟೂ ಮನ್ಯಾಗ. ಪ್ರಾಣಿ ಅದ, ಕೆಳಗಿನ ಊರ ಹೆಸರು ಅಷ್ಟ ಬ್ಯಾರೆ.

"ಖರೇ ಐತೇನ ವೈನಿ?" ಅಂತ ಕೇಳ್ತಾರ. ನಾ ಹೇಳೂದು, ಮೊದಲ ಚಿರತಿ ನೋಡಬ್ಯಾಡ್ರಿ, ಅದರ ಸುತ್ತಲಿಂದು ನೋಡ್ರಿ. ಮಣ್ಣು ನಮ್ಮ ಕರೀ ಮಣ್ಣ ಏನ? ಗಿಡಾ ನಮ್ಮ ಕಡೇವ ಏನ? ಬೋರ್ಡ್ ಮ್ಯಾಗಿನ ಅಕ್ಷರ ಓದಾಕ ಬರ್ತಾವೇನ? ಕಂಪ್ಯೂಟರ್ ಮಾಡಿದ ಫೋಟೋದಾಗ ಬಾಳ ಸಲ ಕನ್ನಡ ಅಕ್ಷರ ಜಿಲೇಬಿ ಆಗಿರ್ತಾವ. ಈಗೀಗ ಅದೂ ಸುಧಾರಿಸಾಕತ್ತೈತಿ, ಅದಕ್ಕ ಅಕ್ಷರ ಸರಿ ಅದಾವ ಅಂತ ನಂಬಿ ಕುಂದ್ರಬ್ಯಾಡ್ರಿ.

ಚಿರತಿ ಮೈಮ್ಯಾಲ ಇರೂದು ಹೂವಿನಂಗ ಬಳಿ ಬಳಿ. ಆ ಬಳಿ ಒಳಗ ಮತ್ತ ಕರೀ ಚುಕ್ಕಿ ಇದ್ರ ಅದು ಅಮೆರಿಕಾ ಕಡೆ ಇರೂ ಜಾಗ್ವಾರ್. ಬರೇ ಗುಂಡಂದು ಚುಕ್ಕಿ ಇದ್ದು, ಕಣ್ಣಿಂದ ಬಾಯಿತನಕ ಕರೀ ಗೆರಿ ಇಳದಿದ್ರ ಚೀತಾ. ಎರಡೂ ನಮ್ಮ ಕಬ್ಬಿನಾಗ ಇರೂವಲ್ಲ. ಹೆಜ್ಜಿ ಫೋಟೋದಾಗ ಉಗುರು ಮೂಡಿದ್ರ ಹೆಚ್ಚಾಗಿ ನಾಯಿದ ಇರ್ತೈತಿ, ಯಾಕಂದ್ರ ಚಿರತಿ ನಡ್ಯಾಗ ಉಗುರು ಒಳಗ ಎಳಕೊಂಡಿರ್ತೈತಿ.

ಇನ್ನೊಂದ ಮಾತ. ಖರೇ ಚಿರತಿ ಕಂಡಾವ್ರ ಕೈ ನಡಗತಿರ್ತೈತಿ. ಫೋಟೋ ಮಸುಕು, ದೂರಿಂದು, ಅರ್ಧಾ ಬಾಲ ಅಷ್ಟ. ಎದುರಿಗೆ ಕುಂತು ಪೋಸ್ ಕೊಟ್ಟಂಗಿದ್ರ ನನಗ ಅನುಮಾನ ಬರ್ತೈತಿ.

ಆದ್ರ ಫೋಟೋ ಸುಳ್ಳು ಅಂದ್ರ ಚಿರತಿನೂ ಸುಳ್ಳು ಅಲ್ರಿ. 2022ರ ಆಗಸ್ಟ್‌ದಾಗ ಬೆಳಗಾವಿ ಜಾಧವ ನಗರದಾಗ ಕಟ್ಟಡದ ದಗದ ಮಾಡಾವನ ಮ್ಯಾಲ ಚಿರತಿ ಖರೇನ ಬಿದ್ದಿತ್ತು. ಆಮ್ಯಾಲ ಅದು ಗಾಲ್ಫ್ ಮೈದಾನದ ಗಿಡಗಂಟ್ಯಾಗ ಹೊಕ್ಕೊಂತು. ಸುತ್ತಲಿನ ಸಾಲಿಗೋಳು ಬಂದ್ ಆದುವು, ಶಿವಮೊಗ್ಗದ ಸಕ್ರೆಬೈಲಿಂದ ಆನಿ ತಂದ್ರು. ವಾರಗಟ್ಟಲೆ ಹುಡುಕಿದ್ರೂ ಕೈಗೆ ಸಿಗಲಿಲ್ಲ. ಪುಣೆ ಜಿಲ್ಲೆ ಜುನ್ನರ ಕಡೆ ಅಂತೂ ಚಿರತಿ ಕಬ್ಬಿನಾಗ ಮರಿ ಹಾಕ್ತಾವ, ಕಬ್ಬ ಕಡ್ಯಾವ್ರಿಗೆ ಮರಿ ಸಿಗ್ತಾವ. ನಮ್ಮದೂ ಕಬ್ಬಿನ ಸೀಮಿನ ಅಲ್ಲೇನ?

ಅದಕ್ಕ ನನಗ ಸಿಟ್ಟ ಬರೂದು ಸುಳ್ಳ ಫೋಟೋ ಕಳಸಾವ್ರ ಮ್ಯಾಲ. ಅವರಿಗೆ ಅದು ಚಾ ಕುಡ್ಯೂಮುಂದಿನ ಮಜಾ. ಕಳೆ ತಗ್ಯಾಕ ಹೋಗಾಕಿಗೆ ಹಂಗಲ್ಲ. ಅಂಜಿ ಮನ್ಯಾಗ ಕುಂತ್ರ ಪಗಾರ ಹೋತು, ಹೋದ್ರ ಜೀವ ಕೈಯಾಗ. ಹತ್ತ ಸಲ ಸುಳ್ಳ ನೋಡಿದ ಮ್ಯಾಲ, ಹನ್ನೊಂದನೇ ಸಲ ಆಕಿ ಖರೇನ ಕಣ್ಣಿಂದ ನೋಡಿ ಬಂದು ಹೇಳಿದ್ರೂ "ಮೊಬೈಲ್ ನೋಡಿ ಅಂಜ್ಯಾಳ" ಅಂತ ಗಂಡಸರು ನಗ್ತಾರ.

ಫೋಟೋ ಕಳಿಸಿದಾವ್ರಿಗೆ ಮೂರ ಕೇಳ್ರಿ: ಯಾರು ತಗದ್ರು, ಯಾರ ಹೊಲ, ಎಷ್ಟೊತ್ತಿಗೆ? "ಗ್ರೂಪಿನಾಗ ಬಂತು" ಅಂದ್ರ ಮುಂದ ಕಳಸಬ್ಯಾಡ್ರಿ. ಹೊಲದ ಹೆಸರು ಹೇಳಿದ್ರ, ಗ್ರೂಪ್ ಬಿಟ್ಟು ಮೊದಲ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ರಿ. ಮರಿ ಕಂಡ್ರ ಮುಟ್ಟಬ್ಯಾಡ್ರಿ, ಎತ್ತಿ ಫೋಟೋ ತಗ್ಯೂದಂತೂ ಬ್ಯಾಡ, ತಾಯಿ ಅಲ್ಲೇ ಸನಿಯಾಕ ಇರ್ತೈತಿ. ಇಲಾಖೆಯಾವ್ರು ಬಂದು ನೋಡೂತನಕ ದಗದ ನಿಲ್ಲಬೇಕು, ಮತ್ತ ನಿಂತ ದಗದದ ಪಗಾರ ಹೊಲದ ಮಾಲಕರು ಕೊಡಬೇಕು.