ಮೂರನೆಯವನೂ ಅಲ್ಲ, ನೌಕರನೂ ಅಲ್ಲ

ಕಾಶಿಗೆ ಹೋದ ಕನ್ನಡಿಗರು ವಿಶ್ವನಾಥನ ದರ್ಶನ ಮುಗಿಸಿ, ಜಂಗಮವಾಡಿ ಮಠಕ್ಕೂ ಹೋಗಿಬಂದು, ಅರ್ಧ ದಿನ ಉಳಿದರೆ ಸಾರನಾಥದ ಕಡೆ ಹೊರಡುವುದು ವಾಡಿಕೆ. ನಾವೂ ಹಾಗೆಯೇ ಹೋದೆವು. ಧಮೇಕ ಸ್ತೂಪವನ್ನು ಸುತ್ತಿ, ಧರ್ಮರಾಜಿಕ ಸ್ತೂಪವಿದ್ದೆಡೆ ಈಗ ಉಳಿದಿರುವ ದುಂಡನೆಯ ತಳಪಾಯದ ಬಳಿ ನಿಂತೆವು. 1794ರಲ್ಲಿ ಕಾಶಿಯ ಜಗತ್‌ಸಿಂಗನ ಆಳುಗಳು ಅಲ್ಲಿಂದ ಇಟ್ಟಿಗೆ ಕೀಳುವಾಗ ಅಸ್ಥಿಯಿದ್ದ ಕರಂಡಕ ಸಿಕ್ಕಿತೆಂದು ಜೊನಾಥನ್ ಡಂಕನ್ ಬರೆದಿಟ್ಟಿದ್ದಾನೆ. ಕೀಳಿಸಿದವನ ಹೆಸರು ಉಳಿದಿದೆ, ಬರೆದವನ ಹೆಸರೂ ಉಳಿದಿದೆ. ಅಗೆದವರು ಯಾರೆಂದು ಗೊತ್ತಿಲ್ಲ.

ಹೊರಗೆ ರಸ್ತೆಯಾಚೆ ಅತಿಥಿಗೃಹವೊಂದು ಏಳುತ್ತಿತ್ತು. ಮೂರನೆಯ ಮಹಡಿಯ ಸೆಂಟ್ರಿಂಗ್ ನಡೆದಿತ್ತು. ನಮ್ಮ ಗುಂಪಿನಲ್ಲಿ ವಿಮಾ ಸಂಸ್ಥೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರಿಗೆ ಕಟ್ಟಡ ಕಂಡರೆ ಸುಮ್ಮನಿರಲಾಗದು. ಕೆಳಗೆ ಚಹಾ ಕುಡಿಯುತ್ತಿದ್ದ ಮೇಸ್ತ್ರಿಯನ್ನು ಹಿಂದಿಯಲ್ಲಿ ಮಾತಿಗೆಳೆದರು. ಅಲ್ಲಿಯ ಮಾತಿನಲ್ಲಿ ಆತ ‘ಪೇಟಿ ಠೇಕೇದಾರ್’. ದೊಡ್ಡ ಗುತ್ತಿಗೆದಾರನಿಂದ ಚದರಡಿಯ ಲೆಕ್ಕದಲ್ಲಿ ಉಪಗುತ್ತಿಗೆ ಹಿಡಿದು, ಊರಿನಿಂದ ಎಂಟು ಹುಡುಗರನ್ನು ಕರೆತಂದವರು. ಹಲಗೆಯನ್ನು ತಾವೂ ಹೊರುತ್ತಾರೆ. ವಿಮೆ ಇದೆಯೇ ಎಂದು ಕೇಳಿದಾಗ ಅವರು ಹೇಳಿದ್ದನ್ನು ಕನ್ನಡಕ್ಕೆ ತಂದರೆ ‘ಸಾಹೇಬರು ಮಾಡಿಸಿದ್ದಾರಂತೆ’ ಎಂದಾಗುತ್ತದೆ.

ಆ ‘ಅಂತೆ’ಯ ಒಳಗೇನಿದೆ ಎಂಬುದನ್ನು ಮರಳುವ ದಾರಿಯಲ್ಲಿ ನಮ್ಮ ಹಿರಿಯರು ಬಿಡಿಸಿ ಹೇಳಿದರು. ಸಾಹೇಬರು ಸಾಮಾನ್ಯವಾಗಿ ಮಾಡಿಸುವುದು ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿ. ಹೆಸರಿಗೆ ಸಕಲ ಅಪಾಯವೂ ಅದರೊಳಗೆ. ವಾಸ್ತವದಲ್ಲಿ ಅದು ಕಾಪಾಡುವುದು ಕಟ್ಟಡವನ್ನು ಮತ್ತು ಹಾನಿಗೊಳಗಾದ ಹೊರಗಿನವರನ್ನು. ಕಾಮಗಾರಿಗೆ ಸಂಬಂಧಿಸಿದ ಯಾವುದೇ ಸಂಸ್ಥೆಯ ಕೆಲಸಗಾರರು ಆ ‘ಮೂರನೆಯವರ’ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗಾಗಿ ನೌಕರರ ಪರಿಹಾರದ ಪಾಲಿಸಿ ಬೇರೆ ಬೇಕು. ಅದರಲ್ಲಿಯೂ ಉಪಗುತ್ತಿಗೆಯ ಆಳುಗಳನ್ನು ಘೋಷಿಸಿ, ಅವರ ಕೂಲಿಯ ಮೇಲೆ ಹೆಚ್ಚಿನ ಕಂತು ಕಟ್ಟಿದ್ದರೆ ಮಾತ್ರ ರಕ್ಷಣೆ.

ಹುಡುಗರಿಗಾದರೂ ಕಾನೂನಿನ ಆಸರೆಯಿದೆ. 1923ರ ಪರಿಹಾರ ಕಾಯ್ದೆಯ 12ನೇ ಕಲಮು ಗುತ್ತಿಗೆದಾರನ ಆಳು ಸತ್ತರೆ ಮೂಲ ಮಾಲೀಕನನ್ನೇ ಕೇಳಬಹುದೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ತಿಂಗಳಿಗೆ 15,000 ರೂಪಾಯಿ ಕೂಲಿಯ ಲೆಕ್ಕದಲ್ಲಿ 30 ವರ್ಷದವನ ಸಾವಿಗೆ ಸಲ್ಲಬೇಕಾದ ಪರಿಹಾರ ಹದಿನೈದೂವರೆ ಲಕ್ಷದ ಮೇಲೆ. ಆದರೆ ಮಾಲೀಕ ತಾನು ತೆತ್ತದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡಬಹುದೆಂದೂ ಅದೇ ಕಲಮಿನಲ್ಲಿದೆ. ಅಂದರೆ ಹುಡುಗ ಬಿದ್ದರೆ ಸಾಲ ಮೇಸ್ತ್ರಿಯದು. ಮೇಸ್ತ್ರಿಯೇ ಬಿದ್ದರೆ? ಆತ ಯಾರ ನೌಕರನೂ ಅಲ್ಲ, ಪಾಲಿಸಿಯ ಪ್ರಕಾರ ಹೊರಗಿನವನೂ ಅಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿದ್ದರೆ ಮನೆಯವರಿಗೆ ಎರಡು ಲಕ್ಷ ಬರುತ್ತದೆ, ಅಷ್ಟೆ.

2018ರ ಮೇ 15ರಂದು ಇದೇ ವಾರಾಣಸಿಯ ಕಂಟೋನ್ಮೆಂಟ್ ನಿಲ್ದಾಣದ ಬಳಿ ಕಟ್ಟುತ್ತಿದ್ದ ಮೇಲ್ಸೇತುವೆಯ ತೊಲೆಗಳು ವಾಹನಗಳ ಮೇಲೆ ಬಿದ್ದು ಕನಿಷ್ಠ 15 ಮಂದಿ ಸತ್ತರು. ಸರ್ಕಾರ ಮೃತರ ಕುಟುಂಬಗಳಿಗೆ ತಲಾ ಐದು ಲಕ್ಷ ಘೋಷಿಸಿತು. ಅಂಥ ಹಣ ಬೇಡವೆನ್ನಲು ನಾವಾರು? ಆದರೆ ನಗರದ ನಡುವೆ, ಕ್ಯಾಮೆರಾಗಳ ಮುಂದೆ ಸತ್ತವರಿಗೆ ಬರುವ ಈ ಔದಾರ್ಯ, ಸಾರನಾಥದ ಹಿಂಬೀದಿಯಲ್ಲಿ ಒಬ್ಬನೇ ಜಾರಿ ಬಿದ್ದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ವಿಮೆ ಬೇಕಾದದ್ದು ಅಲ್ಲಿ.

ಉಪಗುತ್ತಿಗೆದಾರ ತನ್ನ ವಿಮೆಯನ್ನು ತಾನೇ ಮಾಡಿಸಿಕೊಳ್ಳಲಿ ಎಂಬ ವಾದವಿದೆ. ದರ ಕುಗ್ಗಿಸಿ ಕುಗ್ಗಿಸಿ ಕೆಲಸ ಕೊಟ್ಟ ಮೇಲೆ ಹೇಳುವ ಈ ಮಾತು ನಮಗೆ ಒಪ್ಪಿಗೆಯಿಲ್ಲ. ಕಂತು ಕಟ್ಟುವ ಬಲವಿರುವವನು ಮೂಲ ಗುತ್ತಿಗೆದಾರ. ಮೇಸ್ತ್ರಿಯೂ ಆತನ ಆಳುಗಳೂ ಮೂಲ ಪಾಲಿಸಿಯಲ್ಲೇ ಸೇರಬೇಕು. ಕೈಯಾರೆ ದುಡಿಯುವ ಮೇಸ್ತ್ರಿಯನ್ನು ಕೆಲಸಗಾರನೆಂದೇ ಎಣಿಸಿ ಆತನಿಗೆ ಅಪಘಾತ ವಿಮೆ ಮಾಡಿಸಬೇಕು. ಕಂತಿನ ಹಣವನ್ನು ಸಿಮೆಂಟು, ಕಬ್ಬಿಣದ ಹಾಗೆ ಅಂದಾಜುಪಟ್ಟಿಯಲ್ಲಿ ಬೇರೆಯಾಗಿ ಕಾಣಿಸಬೇಕು. ಬೇರೆಯಾಗಿ ಕಾಣದ ಖರ್ಚನ್ನು ಚೌಕಾಸಿಯಲ್ಲಿ ಮೊದಲು ಕಡಿಯುತ್ತಾರೆ.

ಇದು ದೂರದ ಕಾಶಿಯ ಮಾತಲ್ಲ. ಪುಣೆ, ಮುಂಬಯಿಗಳಲ್ಲಿ ನಾವು ಕೊಳ್ಳುವ ಫ್ಲಾಟುಗಳಿಗೆ ಮಣ್ಣು ಹೊತ್ತವರಲ್ಲಿ ಕಲಬುರಗಿ, ಯಾದಗಿರಿಯವರು ಎಷ್ಟೋ ಮಂದಿ. ಊರಿನಲ್ಲಿ ನಿವೃತ್ತಿಯ ಮನೆ ಕಟ್ಟಿಸುತ್ತಿರುವವರೂ ನಮ್ಮೊಳಗಿದ್ದಾರೆ. ಆ 12ನೇ ಕಲಮು ಹಿಡಿಯುವುದು ತನ್ನ ವ್ಯಾಪಾರ, ಉದ್ಯಮದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನನ್ನು; ವಾಸಕ್ಕೆ ಮನೆ ಕಟ್ಟಿಸುವ ನಮ್ಮಂಥವರು ಸಾಮಾನ್ಯವಾಗಿ ಅದರಿಂದ ತಪ್ಪಿಸಿಕೊಳ್ಳುತ್ತೇವೆ. ಇದನ್ನು ಕೇಳಿದಾಗ ನಮ್ಮಲ್ಲಿ ಕೆಲವರ ಮುಖದಲ್ಲಿ ನೆಮ್ಮದಿ ಕಂಡಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಆ ಸಂಜೆಯೇ ಧಾರವಾಡದಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಗೆಳೆಯರೊಬ್ಬರು ತಮ್ಮ ಅಂದಾಜುಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು ತೋರಿಸಿದರು. ಭೂಮಿಪೂಜೆ, ಸ್ಲ್ಯಾಬ್ ಹಾಕುವ ದಿನದ ಸಿಹಿಯೂಟ, ಮೇಸ್ತ್ರಿಗೆ ಪಂಚೆ, ಶಲ್ಯ ಎಲ್ಲಕ್ಕೂ ಒಂದೊಂದು ಸಾಲಿತ್ತು. ಹಿರಿಯರು ಅದನ್ನೋದಿ, ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿರೆಂದರು. ಮೇಸ್ತ್ರಿಯ ಪೂರ್ಣ ಹೆಸರೇನೆಂದೂ ಕೇಳಿದರು. ಗೆಳೆಯರಿಗೆ ಅದು ತಿಳಿದಿರಲಿಲ್ಲ. ಊರಿಗೆ ಫೋನು ಮಾಡಿದರು.